ಗಡ್ಡೆಯ ರಕ್ತನಾಳಕ್ಕೆ ತಡೆ: ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಅಸ್ತ್ರ ಮತ್ತೆ ಸುದ್ದಿಯಾಗಿದ್ದೇಕೆ?

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದ ವಿಶ್ವ ಶ್ವಾಸಕೋಶ ಕ್ಯಾನ್ಸರ್ ಸಮ್ಮೇಳನದಲ್ಲಿ ಚೀನಾದ ಒಂದು ಪ್ರಯೋಗದ ಫಲಿತಾಂಶ ಹೊರಬಿತ್ತು. ಐವೊನೆಸಿಮ್ಯಾಬ್ ಎಂಬ ಹೊಸ ಔಷಧ ಪಡೆದ ರೋಗಿಗಳಲ್ಲಿ ಕಾಯಿಲೆ ಹೆಚ್ಚಾಗದೆ ನಿಂತ ಅವಧಿ 11.1 ತಿಂಗಳು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಔಷಧ ಎನಿಸಿಕೊಂಡಿದ್ದ, ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಕೀಟ್ರುಡಾ ಪಡೆದವರಲ್ಲಿ ಅದು 5.8 ತಿಂಗಳು. ಕೀಟ್ರುಡಾವನ್ನು ಮುಖಾಮುಖಿ ಸ್ಪರ್ಧೆಯಲ್ಲಿ ಹೀಗೆ ಸೋಲಿಸಿದ ಔಷಧ ಅಲ್ಲಿಯವರೆಗೆ ಇರಲಿಲ್ಲ. ಹೊಸ ಔಷಧದ ವಿಶೇಷವೆಂದರೆ ಅದು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದರ ಜೊತೆಗೆ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆಯೂ ತಡೆಯುತ್ತದೆ.

ಎಂಟು ತಿಂಗಳ ನಂತರ, 2025ರ ಮೇ ಕೊನೆಯಲ್ಲಿ ಅದೇ ಔಷಧದ ಇನ್ನೊಂದು ಪ್ರಯೋಗದ ಸುದ್ದಿ ಬಂತು. ಕಾಯಿಲೆ ತಡೆದು ನಿಲ್ಲಿಸುವುದರಲ್ಲಿ ಔಷಧ ಗೆದ್ದಿತ್ತು, ಆದರೆ ಆಯುಷ್ಯ ಹೆಚ್ಚಿಸುತ್ತದೆ ಎಂಬುದು ಲೆಕ್ಕಾಚಾರದಲ್ಲಿ ಸಾಬೀತಾಗಲಿಲ್ಲ. ಔಷಧದ ಹಕ್ಕು ಪಡೆದಿದ್ದ ಅಮೆರಿಕದ ಕಂಪನಿಯ ಷೇರು ಬಿತ್ತು. ಮೊದಲ ಸಲ ‘ಕ್ರಾಂತಿ’ ಎಂದು ಬರೆದ ಪತ್ರಿಕೆಗಳು ಈ ಸಲ ‘ಹಿನ್ನಡೆ’ ಎಂದವು. ಕಾಯಿಲೆ ನಿಂತರೆ ರೋಗಿ ಹೆಚ್ಚು ದಿನ ಬದುಕಬೇಕಲ್ಲವೇ, ಎರಡೂ ಸುದ್ದಿ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಓದುಗ ಕೇಳಿದರೆ ಅದು ಸಹಜ. ಉತ್ತರ ಐವತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ.

ಎರಡು ಮಿಲಿಮೀಟರ್‌ನಲ್ಲಿ ನಿಂತ ಗಡ್ಡೆ

ಬಾಸ್ಟನ್ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ ಒಂದು ವಿಚಿತ್ರ ಗಮನಿಸಿದರು. ಮೊಲದ ಥೈರಾಯ್ಡ್ ಗ್ರಂಥಿಯನ್ನು ದೇಹದಿಂದ ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ದ್ರವ ಹರಿಸಿ ಜೀವಂತ ಇಟ್ಟು, ಅದರೊಳಗೆ ಕ್ಯಾನ್ಸರ್ ಕೋಶ ಬಿಟ್ಟಾಗ ಗಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಡುತ್ತಿತ್ತು. ಅದೇ ಗಡ್ಡೆಯನ್ನು ಜೀವಂತ ಇಲಿಗೆ ವರ್ಗಾಯಿಸಿದರೆ ಭರಭರ ಬೆಳೆಯುತ್ತಿತ್ತು. ವ್ಯತ್ಯಾಸ ಇದ್ದದ್ದು ಒಂದರಲ್ಲೇ: ಇಲಿಯ ದೇಹದಲ್ಲಿ ಗಡ್ಡೆಯೊಳಗೆ ಹೊಸ ರಕ್ತನಾಳಗಳು ನುಗ್ಗುತ್ತಿದ್ದವು.

ಆಮ್ಲಜನಕ ಒಂದು ಕೋಶದಿಂದ ಇನ್ನೊಂದಕ್ಕೆ ಇಂಗಿ ಹೋಗುವ ದೂರಕ್ಕೆ ಮಿತಿಯಿದೆ. ಆ ಮಿತಿ ದಾಟಿ ದೊಡ್ಡದಾಗಬೇಕಾದ ಗಡ್ಡೆ ಸುತ್ತಲಿನ ರಕ್ತನಾಳಗಳಿಗೆ ರಾಸಾಯನಿಕ ಸಂದೇಶ ಕಳಿಸಿ ಕವಲುಗಳನ್ನು ಎಳೆದುಕೊಳ್ಳುತ್ತದೆ, ಈ ಸಂದೇಶವನ್ನು ತಡೆದರೆ ಗಡ್ಡೆ ಬೆಳೆಯಲಾರದು ಎಂದು ಫೋಕ್‌ಮನ್ 1971ರಲ್ಲಿ ವಾದ ಮಂಡಿಸಿದರು. ಬಹಳ ಜನ ನಂಬಲಿಲ್ಲ. ಸಂದೇಶವಾಹಕ ಪ್ರೋಟೀನ್ ಸ್ಪಷ್ಟವಾಗಿ ಕೈಗೆ ಸಿಗಲು 1989ರವರೆಗೆ ಕಾಯಬೇಕಾಯಿತು. ಆ ವರ್ಷ ಜೆನೆಂಟೆಕ್ ಕಂಪನಿಯ ನೆಪೋಲಿಯೋನೆ ಫೆರಾರಾ ಅದನ್ನು ಪ್ರತ್ಯೇಕಿಸಿ ವಿಇಜಿಎಫ್ ಎಂದು ಕರೆದರು. ಹಾರ್ವರ್ಡ್‌ನ ಹೆರಾಲ್ಡ್ ಡ್ವೋರಾಕ್ ತಂಡ 1983ರಲ್ಲೇ ರಕ್ತನಾಳವನ್ನು ಸೋರುವಂತೆ ಮಾಡುವ ವಸ್ತುವೊಂದನ್ನು ಕಂಡುಹಿಡಿದಿತ್ತು. ಎರಡೂ ಒಂದೇ ಎಂದು ಆಮೇಲೆ ಗೊತ್ತಾಯಿತು.

1998ರ ಮೇ ತಿಂಗಳಲ್ಲಿ ಫೋಕ್‌ಮನ್ ಅವರ ಇಲಿ ಪ್ರಯೋಗಗಳು ನ್ಯೂಯಾರ್ಕ್ ಟೈಮ್ಸ್ ಮುಖಪುಟಕ್ಕೆ ಬಂದವು. ಸಂಬಂಧಪಟ್ಟ ಕಂಪನಿಯ ಷೇರು ಒಂದೇ ದಿನದಲ್ಲಿ ಹಲವು ಪಟ್ಟು ಜಿಗಿಯಿತು. ಇಲಿಯಲ್ಲಿ ಗಡ್ಡೆ ಕರಗಿಸಿದ ಎಂಡೋಸ್ಟಾಟಿನ್ ಅಮೆರಿಕದಲ್ಲಿ ಮನುಷ್ಯರ ಔಷಧವಾಗಿ ಎಂದೂ ಬಳಕೆಗೆ ಬರಲಿಲ್ಲ. ಚೀನಾದಲ್ಲಿ ಮಾತ್ರ ಅದರ ಒಂದು ರೂಪಕ್ಕೆ 2005ರಲ್ಲಿ ಶ್ವಾಸಕೋಶ ಕ್ಯಾನ್ಸರ್‌ಗಾಗಿ ಒಪ್ಪಿಗೆ ಸಿಕ್ಕಿತು. ಈ ಕ್ಷೇತ್ರದಲ್ಲಿ ಅಬ್ಬರದ ಸುದ್ದಿ ಹೊಸದಲ್ಲ ಎಂಬುದಕ್ಕೆ ಇಷ್ಟು ಹೇಳಿದ್ದು.

ಮೊದಲ ಔಷಧ, ಮೊದಲ ಸಾವುಗಳು

ವಿಇಜಿಎಫ್‌ಗೆ ಅಂಟಿಕೊಂಡು ಅದು ಕೆಲಸ ಮಾಡದಂತೆ ಹಿಡಿದಿಡುವ ಪ್ರತಿಕಾಯವೇ ಬೆವಾಸಿಝುಮ್ಯಾಬ್. ಅವಾಸ್ಟಿನ್ ಎಂಬ ಹೆಸರು ಹೆಚ್ಚು ಪರಿಚಿತ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ (ರೆಟಿನಾ) ಅನಗತ್ಯ ರಕ್ತನಾಳ ಬೆಳೆದವರಿಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಕೂಡ ಇದೇ. 2004ರ ಫೆಬ್ರುವರಿಯಲ್ಲಿ ಇದಕ್ಕೆ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು.

ಶ್ವಾಸಕೋಶದಲ್ಲಿ ಕಥೆ ಬೇರೆಯೇ ಆಯಿತು. 2004ರಲ್ಲಿ ಪ್ರಕಟವಾದ 99 ರೋಗಿಗಳ ಸಣ್ಣ ಪ್ರಯೋಗದಲ್ಲಿ ಆರು ಮಂದಿಗೆ ಇದ್ದಕ್ಕಿದ್ದಂತೆ ಶ್ವಾಸಕೋಶದೊಳಗೆ ಭಾರಿ ರಕ್ತಸ್ರಾವವಾಯಿತು, ನಾಲ್ವರು ಸತ್ತರು. ಯಾರಿಗೆ ಹೀಗಾಯಿತು ಎಂದು ನೋಡಿದಾಗ ಒಂದು ಮಾದರಿ ಕಂಡಿತು. ರಕ್ತಸ್ರಾವವಾದವರಲ್ಲಿ ಹೆಚ್ಚಿನವರ ಗಡ್ಡೆ ಸ್ಕ್ವಾಮಸ್ ಮಾದರಿಯದು. ಈ ಮಾದರಿ ಸಾಮಾನ್ಯವಾಗಿ ಎದೆಯ ಮಧ್ಯಭಾಗದಲ್ಲಿ, ದೊಡ್ಡ ಶ್ವಾಸನಾಳ ಮತ್ತು ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ಬೆಳೆಯುತ್ತದೆ ಮತ್ತು ನಡುವೆ ಕೊಳೆತು ಕುಳಿ ಬೀಳುವ ಪ್ರವೃತ್ತಿ ಅದಕ್ಕಿದೆ. ಅಂಥ ಗಡ್ಡೆಯ ರಕ್ತ ಸರಬರಾಜು ಹಠಾತ್ತನೆ ಕುಸಿದು ಒಳಭಾಗ ಸತ್ತರೆ, ಅದು ಅಂಟಿಕೊಂಡಿದ್ದ ದೊಡ್ಡ ನಾಳದ ಗೋಡೆಯೂ ಒಡೆಯಬಹುದು. ಔಷಧ ಕೆಲಸ ಮಾಡುವ ರೀತಿಯಲ್ಲೇ ಅಪಾಯವೂ ಅಡಗಿತ್ತು.

ಆದ್ದರಿಂದ ಮುಂದಿನ ದೊಡ್ಡ ಪ್ರಯೋಗದಲ್ಲಿ ಸ್ಕ್ವಾಮಸ್ ರೋಗಿಗಳನ್ನು ಹೊರಗಿಟ್ಟರು. ಅರ್ಧ ಟೀ ಚಮಚ ಅಥವಾ ಅದಕ್ಕಿಂತ ಹೆಚ್ಚು ಕೆಂಪು ರಕ್ತ ಕೆಮ್ಮಿದವರನ್ನೂ ಸೇರಿಸಲಿಲ್ಲ. ಈ ಅರ್ಧ ಚಮಚದ ಲೆಕ್ಕ ಇಂದಿಗೂ ಔಷಧದ ಅಧಿಕೃತ ಎಚ್ಚರಿಕೆಯಲ್ಲಿ ಹಾಗೇ ಉಳಿದಿದೆ. 878 ರೋಗಿಗಳ ಆ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು: ಬರೀ ಕಿಮೊ ಪಡೆದವರ ಮಧ್ಯಾಂಕ ಆಯುಷ್ಯ 10.3 ತಿಂಗಳು, ಕಿಮೊ ಜೊತೆ ಬೆವಾಸಿಝುಮ್ಯಾಬ್ ಪಡೆದವರದು 12.3 ತಿಂಗಳು. ಮಧ್ಯಾಂಕ ಎಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಗಡಿ. ಶ್ವಾಸಕೋಶದ ಮುಂದುವರಿದ ಕ್ಯಾನ್ಸರ್‌ನಲ್ಲಿ ಒಂದು ವರ್ಷದ ಗಡಿ ದಾಟಿದ ಮೊದಲ ದೊಡ್ಡ ಪ್ರಯೋಗ ಎಂಬ ಕಾರಣಕ್ಕೆ ಎರಡು ತಿಂಗಳ ಲಾಭವೂ ಆಗ ದೊಡ್ಡದಾಗಿ ಕಂಡಿತು. ಹಾಗಿದ್ದೂ ಎಚ್ಚರಿಕೆಯಿಂದ ಆರಿಸಿದ ಈ ರೋಗಿಗಳಲ್ಲೇ ಬೆವಾಸಿಝುಮ್ಯಾಬ್ ಗುಂಪಿನ 15 ಸಾವುಗಳಿಗೆ ಚಿಕಿತ್ಸೆಯೇ ಕಾರಣವಾಗಿತ್ತು, ಅವುಗಳಲ್ಲಿ ಐದು ಶ್ವಾಸಕೋಶದ ರಕ್ತಸ್ರಾವದಿಂದ. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಸ್ಕ್ವಾಮಸ್ ಅಲ್ಲದ ಮಾದರಿಗೆ ಮಾತ್ರ.

ಕಾಯಿಲೆ ನಿಂತ ದಿನ, ಬದುಕಿದ ದಿನ

ಗೊಂದಲದ ಬೇರು ಇರುವುದು ಇಲ್ಲಿ. ಕ್ಯಾನ್ಸರ್ ಔಷಧಗಳನ್ನು ಮುಖ್ಯವಾಗಿ ಎರಡು ಅಳತೆಗೋಲಿನಲ್ಲಿ ಅಳೆಯುತ್ತಾರೆ. ಒಂದು, ಸ್ಕ್ಯಾನ್‌ನಲ್ಲಿ ಗಡ್ಡೆ ನಿಗದಿತ ಮಿತಿಗಿಂತ ದೊಡ್ಡದಾಗುವವರೆಗೆ ಅಥವಾ ರೋಗಿ ಸಾಯುವವರೆಗೆ ಎಷ್ಟು ಕಾಲ ಹೋಯಿತು ಎಂಬುದು. ಇನ್ನೊಂದು, ರೋಗಿ ಒಟ್ಟು ಎಷ್ಟು ಕಾಲ ಬದುಕಿದ ಎಂಬುದು. ಮೊದಲನೆಯದು ಬೇಗ ಗೊತ್ತಾಗುತ್ತದೆ, ಹಾಗಾಗಿ ಸುದ್ದಿಯಾಗುವುದೂ ಅದೇ. ರೋಗಿಯ ಮನೆಯವರು ಕೇಳುವುದು ಎರಡನೆಯದನ್ನು.

ರಕ್ತನಾಳ ತಡೆಯುವ ಔಷಧಗಳಲ್ಲಿ ಈ ಎರಡು ಅಂಕಿಗಳು ಮತ್ತೆ ಮತ್ತೆ ಬೇರೆ ಬೇರೆ ದಾರಿ ಹಿಡಿದಿವೆ. 1,043 ರೋಗಿಗಳ ಅವೈಲ್ ಎಂಬ ಪ್ರಯೋಗದಲ್ಲಿ ಬೇರೆ ಕಿಮೊ ಜೊತೆ ಬೆವಾಸಿಝುಮ್ಯಾಬ್ ಕೊಟ್ಟರು. ಕಾಯಿಲೆ ಸ್ವಲ್ಪ ತಡವಾಗಿ ಹೆಚ್ಚಿತು, ಆಯುಷ್ಯ ಮಾತ್ರ 13 ತಿಂಗಳ ಆಸುಪಾಸಿನಲ್ಲೇ ಎಲ್ಲ ಗುಂಪಿನಲ್ಲೂ ನಿಂತಿತು. ಸ್ತನ ಕ್ಯಾನ್ಸರ್‌ನಲ್ಲಿ ಇನ್ನೂ ನಾಟಕೀಯ: ಕಾಯಿಲೆ ನಿಂತ ಅವಧಿ 5.9ರಿಂದ 11.8 ತಿಂಗಳಿಗೆ, ಅಂದರೆ ಇಮ್ಮಡಿಯಾಯಿತು. ಅದನ್ನು ನಂಬಿ 2008ರಲ್ಲಿ ಎಫ್‌ಡಿಎ ತ್ವರಿತ ಒಪ್ಪಿಗೆ ಕೊಟ್ಟಿತು. ಮುಂದಿನ ಪ್ರಯೋಗಗಳಲ್ಲಿ ಲಾಭ ಕುಗ್ಗಿತು, ಆಯುಷ್ಯ ಹೆಚ್ಚಲೇ ಇಲ್ಲ. ರೋಗಿಗಳ ಪ್ರತಿಭಟನೆಯ ನಡುವೆಯೇ 2011ರ ನವೆಂಬರ್‌ನಲ್ಲಿ ಒಪ್ಪಿಗೆ ವಾಪಸಾಯಿತು.

ಯಾಕೆ ಹೀಗಾಗುತ್ತದೆ? ಕಾರಣ ಒಂದಲ್ಲ. ವಿಇಜಿಎಫ್ ನಾಳಗಳನ್ನು ಸೋರುವಂತೆ ಮಾಡುತ್ತದೆ. ಅದನ್ನು ತಡೆದಾಗ ಸೋರಿಕೆ ನಿಂತು, ಗಡ್ಡೆಯ ಸುತ್ತಲಿನ ಊತ ಇಳಿದು, ಸ್ಕ್ಯಾನ್ ಚಿತ್ರ ನಿಜಕ್ಕಿಂತ ಚೆನ್ನಾಗಿ ಕಾಣಬಹುದು. ಮಿದುಳಿನ ಗಡ್ಡೆಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಎರಡನೆಯದಾಗಿ, ಒಂದು ಸಂದೇಶ ತಡೆದರೆ ಗಡ್ಡೆ ಇನ್ನೊಂದು ಸಂದೇಶ ಬಳಸಲು ಕಲಿಯುತ್ತದೆ. ಮೂರನೆಯದು, ಎದುರು ಗುಂಪಿನ ರೋಗಿಗಳು ಕಾಯಿಲೆ ಹೆಚ್ಚಿದ ಮೇಲೆ ಬೇರೆ ಒಳ್ಳೆಯ ಔಷಧ ಪಡೆದು ಹಿಂದುಳಿದದ್ದನ್ನು ತುಂಬಿಕೊಳ್ಳುತ್ತಾರೆ. ಮತ್ತು ಔಷಧವೇ ಕೆಲವರನ್ನು ಕೊಲ್ಲುತ್ತದೆ.

ಶ್ವಾಸಕೋಶಕ್ಕೇ ವಿಶೇಷವಾದ ಇನ್ನೊಂದು ಕಾರಣವಿದೆ, ಅದರ ಬಗ್ಗೆ ಚರ್ಚೆ ಯಾಕೋ ಕಡಿಮೆ. ಶ್ವಾಸಕೋಶ ಎಂದರೆ ಗಾಳಿಚೀಲಗಳ ಸುತ್ತ ಹೆಣೆದ ಸೂಕ್ಷ್ಮ ರಕ್ತನಾಳಗಳ ಜಾಲ. ಇಷ್ಟೊಂದು ನಾಳ ಮೊದಲೇ ಇರುವಾಗ ಗಡ್ಡೆಗೆ ಹೊಸದನ್ನು ಬೆಳೆಸುವ ಅಗತ್ಯವೇನು? ರೋಗಶಾಸ್ತ್ರಜ್ಞ ಫ್ರಾನ್ಸೆಸ್ಕೊ ಪೆಝೆಲ್ಲಾ ಮತ್ತು ಸಂಗಡಿಗರು 1997ರಲ್ಲಿ ಇದನ್ನೇ ತೋರಿಸಿದರು: ಕೆಲವು ಶ್ವಾಸಕೋಶ ಗಡ್ಡೆಗಳು ಗಾಳಿಚೀಲಗಳನ್ನು ತುಂಬುತ್ತ, ಅಲ್ಲಿದ್ದ ನಾಳಗಳನ್ನೇ ಬಳಸಿಕೊಂಡು ಬೆಳೆಯುತ್ತವೆ. ಅಂಥ ಗಡ್ಡೆಯಲ್ಲಿ ತಡೆಯಲು ಹೊಸ ನಾಳವೇ ಇರುವುದಿಲ್ಲ. ಯಾವ ರೋಗಿಯ ಗಡ್ಡೆ ಯಾವ ದಾರಿ ಹಿಡಿದಿದೆ ಎಂದು ಔಷಧ ಶುರು ಮಾಡುವ ಮುನ್ನ ಹೇಳಬಲ್ಲ, ಎಲ್ಲರೂ ಒಪ್ಪಿದ ಪರೀಕ್ಷೆ ಇಲ್ಲ. ಈ ಚಿಕಿತ್ಸೆಯ ದೊಡ್ಡ ದೌರ್ಬಲ್ಯ ಇದೇ ಎಂದು ನನಗನ್ನಿಸುತ್ತದೆ. ಇಜಿಎಫ್‌ಆರ್ ಎಂಬ ಜೀನ್ ಕೆಟ್ಟವರಿಗೆ ಕೊಡುವ ಮಾತ್ರೆಗೆ ಜೀನ್ ಪರೀಕ್ಷೆ ಇದೆ, ರೋಗನಿರೋಧಕ ಶಕ್ತಿ ಎಚ್ಚರಿಸುವ ಇಮ್ಯುನೊಥೆರಪಿಗೆ ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ, ಎರಡು ದಶಕ ಕಳೆದರೂ ಬೆವಾಸಿಝುಮ್ಯಾಬ್‌ಗೆ ಅಂಥದ್ದೊಂದು ಇಲ್ಲ.

ಉಪವಾಸ ಕೆಡವುವುದೋ, ದಾರಿ ಸರಿಪಡಿಸುವುದೋ

‘ಗಡ್ಡೆಗೆ ರಕ್ತ ಹೋಗದಂತೆ ಮಾಡಿ ಉಪವಾಸ ಕೆಡವಿ ಸಾಯಿಸುವುದು’ ಎಂಬುದು ಸುದ್ದಿಗಳಲ್ಲಿ ಬರುವ ವಿವರಣೆ. ಅದು ಪೂರ್ತಿ ನಿಜವಾಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕಿಮೊ ಔಷಧ ಗಡ್ಡೆ ತಲುಪುವುದು ರಕ್ತದ ಮೂಲಕ. ರಕ್ತವನ್ನೇ ನಿಲ್ಲಿಸಿದರೆ ಕಿಮೊ ಒಳಗೆ ಹೋಗುವುದು ಹೇಗೆ? ಆದರೂ ಬೆವಾಸಿಝುಮ್ಯಾಬ್ ಒಂಟಿಯಾಗಿ ಕೊಟ್ಟಾಗ ಹೆಚ್ಚೇನೂ ಮಾಡುವುದಿಲ್ಲ, ಕಿಮೊ ಜೊತೆ ಕೊಟ್ಟಾಗಲೇ ಕೆಲಸ ಮಾಡುತ್ತದೆ.

ಐಐಟಿ ಕಾನ್ಪುರದಲ್ಲಿ ಓದಿ ಹಾರ್ವರ್ಡ್ ಸೇರಿದ ರಾಕೇಶ್ ಜೈನ್ 2001ರಲ್ಲಿ ಈ ಒಗಟಿಗೆ ಉತ್ತರ ಕೊಟ್ಟರು. ಗಡ್ಡೆಯೊಳಗಿನ ರಕ್ತನಾಳಗಳು ಪ್ಲಾನ್ ಇಲ್ಲದೆ ಎದ್ದ ರೆವೆನ್ಯೂ ಬಡಾವಣೆಯ ಹಾಗೆ: ಸೊಟ್ಟ ರಸ್ತೆಗಳು, ಎಲ್ಲಿಗೂ ಸೇರದ ಅಡ್ಡದಾರಿಗಳು, ಸೋರುವ ಚರಂಡಿ, ಒಳಗೆ ಆಂಬುಲೆನ್ಸ್ ಹೋಗಲಾರದು. ಸೋರಿದ ದ್ರವ ಗಡ್ಡೆಯೊಳಗೆ ಒತ್ತಡ ಹೆಚ್ಚಿಸಿ ಔಷಧವನ್ನು ಹೊರಗೇ ತಳ್ಳುತ್ತದೆ. ವಿಇಜಿಎಫ್ ತಡೆದಾಗ ದುರ್ಬಲ ನಾಳಗಳು ಉದುರಿ, ಉಳಿದವು ಸ್ವಲ್ಪ ಕಾಲ ಸರಿಯಾದ ಆಕಾರಕ್ಕೆ ಬರುತ್ತವೆ. ಆ ಅವಧಿಯಲ್ಲಿ ಕಿಮೊ ಒಳಗೆ ಚೆನ್ನಾಗಿ ಇಳಿಯುತ್ತದೆ. ಡೋಸ್ ಅತಿಯಾದರೆ ಅಥವಾ ಕಾಲ ಮೀರಿದರೆ ಉಳಿದ ನಾಳಗಳೂ ಹೋಗಿ ಗಡ್ಡೆಯಲ್ಲಿ ಆಮ್ಲಜನಕ ಕುಸಿಯುತ್ತದೆ, ಅದು ಕ್ಯಾನ್ಸರ್ ಕೋಶವನ್ನು ಇನ್ನಷ್ಟು ಮೊಂಡಾಗಿಸಬಹುದು. ಅಂದರೆ ಇಲ್ಲಿ ‘ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂಬ ಲೆಕ್ಕ ನಡೆಯುವುದಿಲ್ಲ.

ಈ ವಿವರಣೆಯನ್ನು ಒಪ್ಪಿದರೆ ಬೆವಾಸಿಝುಮ್ಯಾಬ್ ಜಾತಿಯ ಔಷಧ ಕೊಲೆಗಾರನಿಗಿಂತ ಬಾಗಿಲು ತೆರೆಯುವವನು. ಜೊತೆಗೆ ಯಾರನ್ನು ಒಳಗೆ ಕಳಿಸುತ್ತೇವೆ ಎಂಬುದರ ಮೇಲೆ ಫಲ ನಿಂತಿದೆ. ಹೊಸ ಔಷಧದ ಹಿಂದಿರುವ ತರ್ಕ ಇಲ್ಲಿಂದಲೇ ಹುಟ್ಟಿದ್ದು.

ಒಂದು ಅಣು, ಎರಡು ಹಿಡಿತ

ವಿಇಜಿಎಫ್‌ಗೆ ಇನ್ನೊಂದು ಕೆಟ್ಟ ಬುದ್ಧಿಯೂ ಇದೆ. ಶತ್ರುವನ್ನು ಗುರುತಿಸಿಕೊಡುವ ಡೆಂಡ್ರೈಟಿಕ್ ಕೋಶಗಳು ಬಲಿಯದಂತೆ ಅದು ತಡೆಯುತ್ತದೆ ಎಂದು 1996ರಷ್ಟು ಹಿಂದೆಯೇ ಗೊತ್ತಾಗಿತ್ತು. ಗಡ್ಡೆಯ ಕೆಟ್ಟ ನಾಳಗಳನ್ನು ದಾಟಿ, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕೋಶಗಳು ಒಳಗೆ ಹೋಗುವುದೂ ಕಷ್ಟ. ಹಾಗಾದರೆ ಟಿ-ಕೋಶಗಳ ಬ್ರೇಕ್ ಬಿಡಿಸುವ ಪಿಡಿ-1 ಔಷಧ (ಕೀಟ್ರುಡಾ ಇದೇ ಜಾತಿಯದು) ಮತ್ತು ವಿಇಜಿಎಫ್ ತಡೆ ಎರಡನ್ನೂ ಒಟ್ಟಿಗೆ ಕೊಟ್ಟರೆ?

2018ರಲ್ಲಿ ಪ್ರಕಟವಾದ ಇಂಪವರ್150 ಪ್ರಯೋಗ ಇದನ್ನು ಮೂರು ಬಗೆಯ ಔಷಧ ಸೇರಿಸಿ ನೋಡಿತು. ಕಿಮೊ ಮತ್ತು ಬೆವಾಸಿಝುಮ್ಯಾಬ್‌ಗೆ, ಅದೇ ಬ್ರೇಕ್ ಅನ್ನು ಪಿಡಿ-ಎಲ್1 ಕಡೆಯಿಂದ ಬಿಡಿಸುವ ಅಟೆಝೋಲಿಝುಮ್ಯಾಬ್ ಸೇರಿದಾಗ ಆಯುಷ್ಯ 14.7ರಿಂದ 19.2 ತಿಂಗಳಿಗೇರಿತು. ಇದು ಸ್ಕ್ಯಾನ್ ಲೆಕ್ಕವಲ್ಲ, ಬದುಕಿದ ಲೆಕ್ಕ. ಆದರೆ ಇದರಲ್ಲಿ ಎರಡೂ ಗುಂಪಿಗೆ ಬೆವಾಸಿಝುಮ್ಯಾಬ್ ಸಿಕ್ಕಿದ್ದರಿಂದ, ಲಾಭದಲ್ಲಿ ಅದರ ಪಾಲೆಷ್ಟು ಎಂಬುದು ಬಗೆಹರಿಯಲಿಲ್ಲ.

ಚೀನಾದ ಅಕೀಸೊ ಕಂಪನಿ ಎರಡನ್ನೂ ಒಂದೇ ಅಣುವಿನಲ್ಲಿ ಹೊಲಿಯಿತು. ಐವೊನೆಸಿಮ್ಯಾಬ್‌ನ ಒಂದು ಹಿಡಿತ ಪಿಡಿ-1ಗೆ, ಇನ್ನೊಂದು ವಿಇಜಿಎಫ್‌ಗೆ. ವಿಇಜಿಎಫ್ ಇರುವ ಕಡೆ ಪಿಡಿ-1 ಮೇಲಿನ ಹಿಡಿತ ಹಲವು ಪಟ್ಟು ಬಿಗಿಯಾಗುತ್ತದೆ ಎಂಬುದು ಪ್ರಯೋಗಾಲಯದ ಅಂಶ. ವಿಇಜಿಎಫ್ ಗಡ್ಡೆಯಲ್ಲೇ ಹೆಚ್ಚಿರುವುದರಿಂದ ಔಷಧವೂ ಅಲ್ಲೇ ಹೆಚ್ಚು ನಿಲ್ಲುತ್ತದೆ, ಉಳಿದ ದೇಹಕ್ಕೆ ತೊಂದರೆ ಕಡಿಮೆ ಎಂಬುದು ಅದರ ಮೇಲೆ ಕಟ್ಟಿದ ಆಶಯ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸಮ್ಮಿಟ್ ಥೆರಪ್ಯೂಟಿಕ್ಸ್ ಮುಂಗಡವಾಗಿಯೇ 50 ಕೋಟಿ ಡಾಲರ್ ಕೊಡಲು ಒಪ್ಪಿ ಚೀನಾದ ಹೊರಗಿನ ಹಲವು ದೇಶಗಳ ಹಕ್ಕು ಪಡೆಯಿತು. ಸ್ಯಾನ್ ಡಿಯಾಗೊ ಫಲಿತಾಂಶದ ನಂತರ ಇದೇ ಮಾದರಿಯ ಚೀನೀ ಅಣುಗಳ ಹಿಂದೆ ಓಟ ಶುರುವಾಯಿತು. ಫೈಝರ್ 125 ಕೋಟಿ ಡಾಲರ್, ಬ್ರಿಸ್ಟಲ್ ಮೈಯರ್ಸ್ 150 ಕೋಟಿ ಡಾಲರ್ ಮುಂಗಡ ಸುರಿದವು. ಕೀಟ್ರುಡಾದ ಒಡೆಯ ಮರ್ಕ್ ಕೂಡ ಒಂದನ್ನು ಕೊಂಡಿತು ಎಂಬುದೇ ಹೆಚ್ಚು ಮಾತಾಡುವ ಸಂಗತಿ.

ಪರ ವಾದ, ವಿರುದ್ಧ ವಾದ

ಪರವಾಗಿರುವವರ ಬಳಿ ಗಟ್ಟಿ ಅಂಕಿಗಳಿವೆ. ಸ್ಯಾನ್ ಡಿಯಾಗೊದಲ್ಲಿ ಫಲಿತಾಂಶ ಹೊರಬಿದ್ದ, 398 ರೋಗಿಗಳ ಹಾರ್ಮೊನಿ-2 ಪ್ರಯೋಗದಲ್ಲಿ ಕಾಯಿಲೆ ಹೆಚ್ಚಾಗುವ ಅಥವಾ ಸಾಯುವ ಅಪಾಯ ಕೀಟ್ರುಡಾಗೆ ಹೋಲಿಸಿದರೆ ಸುಮಾರು ಅರ್ಧಕ್ಕಿಳಿಯಿತು. ಅಲ್ಲಿ ಶೇ 45ರಷ್ಟು ರೋಗಿಗಳದ್ದು ಸ್ಕ್ವಾಮಸ್ ಗಡ್ಡೆ, ಅಂದರೆ ಇಪ್ಪತ್ತು ವರ್ಷ ಹಿಂದೆ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ್ದ ಗುಂಪು. ಗಂಭೀರ ರಕ್ತಸ್ರಾವ ಅವರಲ್ಲೂ ತೀರಾ ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಸ್ಕ್ವಾಮಸ್ ರೋಗಿಗಳ ಮೇಲೇ ನಡೆಸಿದ ಹಾರ್ಮೊನಿ-6 ಬಂತು. ಕಿಮೊ ಜೊತೆ ಕೊಟ್ಟಾಗ ಕಾಯಿಲೆ ನಿಂತ ಅವಧಿ, ಬೇರೊಂದು ಪಿಡಿ-1 ಔಷಧದ 6.9 ತಿಂಗಳ ಎದುರು 11.1 ತಿಂಗಳು. ರಕ್ತನಾಳ ತಡೆಯುವ ಚಿಕಿತ್ಸೆಯ ಚರಿತ್ರೆ ಬಲ್ಲವರಿಗೆ ನಿಜವಾದ ಸುದ್ದಿ ಇದು. ಕೀಟ್ರುಡಾ ಸೋತಿದ್ದಕ್ಕಿಂತ ಇದು ದೊಡ್ಡದು ಎಂದರೂ ತಪ್ಪಿಲ್ಲ.

ವಿರುದ್ಧ ವಾದಕ್ಕೆ ಮೂರು ಕಾಲುಗಳಿವೆ. ಮೊದಲನೆಯದು, ಹಾರ್ಮೊನಿ-2ರ ರೋಗಿಗಳೆಲ್ಲ ಚೀನಾದವರು. ಚೀನಾದಲ್ಲಿ ಮಾತ್ರ ನಡೆದ ಪ್ರಯೋಗವನ್ನು ಆಧರಿಸಿ ಒಪ್ಪಿಗೆ ಕೊಡಲು ಎಫ್‌ಡಿಎ ಹಿಂಜರಿಯುತ್ತದೆ. 2022ರಲ್ಲಿ ಸಿಂಟಿಲಿಮ್ಯಾಬ್ ಎಂಬ ಶ್ವಾಸಕೋಶ ಕ್ಯಾನ್ಸರ್ ಔಷಧದ ವಿಷಯದಲ್ಲಿ ಅದರ ಸಲಹಾ ಸಮಿತಿ ಇನ್ನಷ್ಟು ಪ್ರಯೋಗ ಬೇಕೆಂದು 14–1 ಮತಗಳಿಂದ ಹೇಳಿತ್ತು. ಇದರಲ್ಲಿ ವಿಜ್ಞಾನದ ಜೊತೆ ರಾಜಕಾರಣವೂ ಬೆರೆತಿದೆ ಎನ್ನುವವರಿದ್ದಾರೆ, ಆ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ.

ಎರಡನೆಯದು, ಎದುರಾಳಿಯ ಆಯ್ಕೆ. ಹಾರ್ಮೊನಿ-2ರ ಅರ್ಧಕ್ಕಿಂತ ಹೆಚ್ಚು ರೋಗಿಗಳ ಪಿಡಿ-ಎಲ್1 ಪ್ರಮಾಣ ಶೇ 1ರಿಂದ 49ರ ನಡುವೆ ಇತ್ತು. ಅಂಥವರಿಗೆ ಅಮೆರಿಕ, ಯುರೋಪ್‌ಗಳಲ್ಲಿ ಸಾಮಾನ್ಯವಾಗಿ ಕೀಟ್ರುಡಾ ಒಂದನ್ನೇ ಕೊಡದೆ ಕಿಮೊ ಜೊತೆ ಕೊಡುತ್ತಾರೆ. ದುರ್ಬಲ ಎದುರಾಳಿಯನ್ನು ಗೆದ್ದದ್ದು ಎಷ್ಟರ ಗೆಲುವು ಎಂಬುದು ಪ್ರಶ್ನೆ.

ಮೂರನೆಯದು ಎಲ್ಲಕ್ಕಿಂತ ಭಾರದ್ದು: ಆಯುಷ್ಯ. ಇಜಿಎಫ್‌ಆರ್ ಮಾತ್ರೆ ಕೈಕೊಟ್ಟ ರೋಗಿಗಳ ಮೇಲೆ ಚೀನಾ, ಯುರೋಪ್, ಉತ್ತರ ಅಮೆರಿಕಗಳಲ್ಲಿ ನಡೆದ ಹಾರ್ಮೊನಿ ಪ್ರಯೋಗದಲ್ಲಿ (2025ರ ಮೇ ತಿಂಗಳ ಸುದ್ದಿ ಇದರದೇ) ಕಾಯಿಲೆ ಹೆಚ್ಚುವ ಅಪಾಯ ಇಲ್ಲೂ ಅರ್ಧದ ಆಸುಪಾಸಿಗೆ ಇಳಿಯಿತು. ಸಾವಿನ ಅಪಾಯ ಶೇ 21ರಷ್ಟು ಕಡಿಮೆ ಕಂಡಿತು. ಆದರೆ ಔಷಧದಿಂದ ಏನೂ ಲಾಭವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯನ್ನು ಅಳೆಯುವ ಪಿ-ಮೌಲ್ಯ 0.057 ಬಂತು. ಒಪ್ಪಿಕೊಳ್ಳುವ ಗಡಿ ಹೆಚ್ಚೆಂದರೆ 0.05. ಕೂದಲೆಳೆಯಲ್ಲಿ ತಪ್ಪಿತು. ಔಷಧ ಕೆಲಸ ಮಾಡಲಿಲ್ಲ ಎಂಬುದು ಇದರ ಅರ್ಥವಲ್ಲ. ಇಷ್ಟು ರೋಗಿಗಳಲ್ಲಿ, ಇಷ್ಟು ಕಾಲದಲ್ಲಿ ಖಚಿತವಾಗಿ ಹೇಳಲಾಗಲಿಲ್ಲ ಎಂದಷ್ಟೇ. ‘ಹಿನ್ನಡೆ’ ಎಂಬ ಶೀರ್ಷಿಕೆ ಈ ಸೂಕ್ಷ್ಮವನ್ನು ನುಂಗಿಹಾಕಿತು. ಹಾಗಂತ ನಿಯಂತ್ರಕರು ಗಡಿಯನ್ನು ಸರಿಸಿಬಿಡಬೇಕು ಎನ್ನುವುದೂ ಸರಿಯಲ್ಲ. ಸ್ತನ ಕ್ಯಾನ್ಸರ್ ವಿಷಯದಲ್ಲಿ ಒಮ್ಮೆ ಹಾಗೆ ಆತುರಪಟ್ಟು ಮೂರು ವರ್ಷದ ಮೇಲೆ ವಾಪಸ್ ತೆಗೆದುಕೊಂಡ ನೆನಪು ಅವರಿಗಿದೆ. ಅಮೆರಿಕದಲ್ಲಿ ಒಪ್ಪಿಗೆಗೆ ಆಯುಷ್ಯದ ಲಾಭ ಸಾಬೀತಾಗಬೇಕು ಎಂದು ಎಫ್‌ಡಿಎ ಕಂಪನಿಗೆ ಹೇಳಿದ್ದು ಈ ಹಿನ್ನೆಲೆಯಲ್ಲಿ.

ಲೀಪ್-007 ಎಂಬ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಪಿಡಿ-ಎಲ್1 ಇದ್ದ 623 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕೀಟ್ರುಡಾ ಮಾತ್ರ, ಉಳಿದವರಿಗೆ ಕೀಟ್ರುಡಾ ಜೊತೆ ವಿಇಜಿಎಫ್ ಗ್ರಾಹಕಗಳನ್ನು ತಡೆಯುವ ಲೆನ್ವಾಟಿನಿಬ್ ಮಾತ್ರೆ. ಜೋಡಿ ಔಷಧದಲ್ಲಿ ಕಾಯಿಲೆ ನಿಂತ ಅವಧಿ 4.2ರಿಂದ 6.6 ತಿಂಗಳಿಗೇರಿತು. ಆಯುಷ್ಯ ಮಾತ್ರ 14.1 ತಿಂಗಳು, ಒಂಟಿ ಕೀಟ್ರುಡಾದಲ್ಲಿ 16.4. ಲೆನ್ವಾಟಿನಿಬ್ ಹಲವು ಗುರಿಗಳಿಗೆ ಹೊಡೆಯುವ, ಅಡ್ಡಪರಿಣಾಮ ಜಾಸ್ತಿಯಿರುವ ಮಾತ್ರೆ. ಐವೊನೆಸಿಮ್ಯಾಬ್ ಅದಕ್ಕಿಂತ ಸ್ವಚ್ಛ ಅಣು. ಆದರೂ ಸ್ಕ್ಯಾನ್ ಅಂಕಿ ನೋಡಿ ಹಬ್ಬ ಮಾಡುವವರಿಗೆ ಇಷ್ಟು ಎಚ್ಚರಿಕೆ ಸಾಕು.

ಇಲ್ಲಿನ ರೋಗಿಗೆ ಇದರಲ್ಲೇನಿದೆ

ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 81 ಸಾವಿರ ಹೊಸ ಶ್ವಾಸಕೋಶ ಕ್ಯಾನ್ಸರ್ ರೋಗಿಗಳು, 75 ಸಾವಿರ ಸಾವು. ಎರಡೂ ಅಂಕಿ ಹೀಗೆ ಹತ್ತಿರವಿರುವುದೇ ಕಾಯಿಲೆ ಎಷ್ಟು ತಡವಾಗಿ ಗೊತ್ತಾಗುತ್ತದೆ ಎಂಬುದರ ಸಾಕ್ಷಿ. ಕೆಮ್ಮು, ಕಫದಲ್ಲಿ ರಕ್ತ ಎಂದರೆ ಮೊದಲು ಟಿಬಿ ಎಂದೇ ಭಾವಿಸಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುವುದು ಇಲ್ಲಿ ಹಳೆಯ ಕಥೆ.

ಸ್ಕ್ವಾಮಸ್ ಅಲ್ಲದ ಮಾದರಿಗಳಲ್ಲಿ ಮುಖ್ಯವಾದ ಅಡಿನೋಕಾರ್ಸಿನೋಮಾ ಇರುವ ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಜೀನ್ ಬದಲಾವಣೆ ಇರುತ್ತದೆ. ಇವರಿಗೆ ಮಾತ್ರೆಯ ಜೊತೆ ಬೆವಾಸಿಝುಮ್ಯಾಬ್ ಸೇರಿಸುವ ಸಲಹೆ ಕೆಲವೊಮ್ಮೆ ಬರುತ್ತದೆ. ಜಪಾನ್‌ನ ಪ್ರಯೋಗವೊಂದರಲ್ಲಿ ಎರ್ಲೋಟಿನಿಬ್ ಮಾತ್ರೆಗೆ ಅದನ್ನು ಸೇರಿಸಿದಾಗ ಕಾಯಿಲೆ ನಿಂತ ಅವಧಿ 9.7ರಿಂದ 16 ತಿಂಗಳಿಗೇರಿತು. ಆಯುಷ್ಯ? ಸೇರಿಸಿದವರಲ್ಲಿ 47.0 ತಿಂಗಳು, ಸೇರಿಸದವರಲ್ಲಿ 47.4. ಹೊಸ ಮಾತ್ರೆ ಒಸಿಮರ್ಟಿನಿಬ್ ಜೊತೆ ಸೇರಿಸಿದ ಜಪಾನ್ ಪ್ರಯೋಗದಲ್ಲಂತೂ ಕಾಯಿಲೆ ನಿಂತ ಅವಧಿಯಲ್ಲೂ ಗಟ್ಟಿ ವ್ಯತ್ಯಾಸ ಬರಲಿಲ್ಲ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಡ್ರಿಪ್ ಹಾಕಿಸಿಕೊಳ್ಳುವ ಖರ್ಚು, ಓಡಾಟವನ್ನು ಈ ಅಂಕಿಗಳ ಎದುರು ಇಟ್ಟು ನೋಡಬೇಕು.

ಡೋಸ್ ಲೆಕ್ಕವನ್ನೂ ಬಿಲ್‌ನ ಮಟ್ಟಕ್ಕೆ ಇಳಿಸಿ ನೋಡೋಣ. ಅಮೆರಿಕದ ಡೋಸ್ ಪ್ರತಿ ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ. 60 ಕೆ.ಜಿ. ತೂಕದವರಿಗೆ 900 ಮಿ.ಗ್ರಾಂ, ಅಂದರೆ 400ರ ಎರಡು ವಯಲ್, 100ರದು ಒಂದು. ಅವೈಲ್ ಪ್ರಯೋಗದಲ್ಲಿ 7.5 ಮಿ.ಗ್ರಾಂ ಡೋಸ್ 15ರಷ್ಟೇ ಕೆಲಸ ಮಾಡಿತ್ತು. ಆ ಲೆಕ್ಕದಲ್ಲಿ 450 ಮಿ.ಗ್ರಾಂ ಸಾಕು: 400ರದು ಒಂದು, 100ರದು ಒಂದು. ರಾಕೇಶ್ ಜೈನ್ ಅವರ ವಿವರಣೆಯೂ ಕಡಿಮೆ ಡೋಸ್ ಕಡೆಗೇ ವಾಲುತ್ತದೆ. ಡಾಕ್ಟರ್ ಹತ್ತಿರ ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆ ಇದು.

ಬೆಲೆ ಮೊದಲಿನಷ್ಟು ಇಲ್ಲ. ಮೂಲ ಕಂಪನಿಯ ಏಕಸ್ವಾಮ್ಯ ಹೋಗಿ 2016ರಿಂದ ಭಾರತದ ಹಲವು ಕಂಪನಿಗಳು ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನೇ ಹೋಲುವ ಪ್ರತಿರೂಪ ತಂದಿವೆ. ಬೆಂಗಳೂರಿನ ಬಯೋಕಾನ್ 2017ರ ನವೆಂಬರ್‌ನಲ್ಲಿ ಕ್ರಬೆವಾ ಬಿಡುಗಡೆ ಮಾಡಿತು. ಅದೇ ಕಂಪನಿ ತಯಾರಿಸಿದ ಬೆವಾಸಿಝುಮ್ಯಾಬ್‌ಗೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ಅಪಾಯಗಳ ವಿಷಯದಲ್ಲಿ ಒಂದು ಮಾತು. ವಿಇಜಿಎಫ್ ಗಡ್ಡೆಯ ಸ್ವತ್ತಲ್ಲ, ನಮ್ಮೆಲ್ಲರ ರಕ್ತನಾಳ ಆರೋಗ್ಯವಾಗಿರಲು ಅದು ಬೇಕು. ಹಾಗಾಗಿ ತಡೆದಾಗ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ಅಪರೂಪಕ್ಕೆ ಕರುಳು ತೂತಾಗುತ್ತದೆ, ರಕ್ತ ಹೆಪ್ಪುಗಟ್ಟಬಹುದು. ಶಸ್ತ್ರಚಿಕಿತ್ಸೆಗೆ ಕನಿಷ್ಠ 28 ದಿನ ಮೊದಲು ನಿಲ್ಲಿಸಬೇಕು ಎಂಬ ನಿಯಮ ಇರುವುದು ಇದಕ್ಕೇ. ಕಫದಲ್ಲಿ ರಕ್ತ ಕಂಡಿದ್ದರೆ, ಹಳೆಯ ಟಿಬಿಯಿಂದ ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇಂಜೆಕ್ಷನ್ ಶುರುವಾಗುವ ಮುನ್ನವೇ ಹೇಳಬೇಕು. ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಸ್ಕ್ವಾಮಸ್’ ಎಂದಿದೆಯೇ ಎಂದು ಮನೆಯವರೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮುಂದಿನ ಎರಡು ಪ್ರಶ್ನೆ

ಹಾರ್ಮೊನಿ-3 ಎಂಬ ಬಹುರಾಷ್ಟ್ರ ಪ್ರಯೋಗದಲ್ಲಿ ಐವೊನೆಸಿಮ್ಯಾಬ್ ಮತ್ತು ಕಿಮೊ ಒಂದು ಕಡೆ, ಕೀಟ್ರುಡಾ ಮತ್ತು ಕಿಮೊ ಇನ್ನೊಂದು ಕಡೆ. ದುರ್ಬಲ ಎದುರಾಳಿ ಎಂಬ ಆಕ್ಷೇಪ ಅಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಆಯುಷ್ಯ ಹೆಚ್ಚಿದ್ದು ಸಾಬೀತಾದರೆ ಹತ್ತು ವರ್ಷದಿಂದ ಶ್ವಾಸಕೋಶ ಕ್ಯಾನ್ಸರ್‌ನ ಮೊದಲ ಚಿಕಿತ್ಸೆಯಾಗಿ ಕೂತಿರುವ ಕೀಟ್ರುಡಾ ಜಾಗ ಬಿಡಬೇಕಾಗುತ್ತದೆ. ಸಾಬೀತಾಗದಿದ್ದರೆ ಸ್ಕ್ಯಾನ್ ಅಂಕಿಗೂ ಬದುಕಿಗೂ ನಡುವಿನ ಬಿರುಕಿನ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಮುಂಗಡವಾಗಿ ಸುರಿದ ಕೋಟಿಗಟ್ಟಲೆ ಡಾಲರ್ ಸಮೇತ.

ಇನ್ನೊಂದು ಪ್ರಶ್ನೆ ಕಂಪನಿಗಳಿಗಿಂತ ನಮ್ಮಂಥ ದೇಶಕ್ಕೆ ಮುಖ್ಯ. ಎರಡು ಹಿಡಿತ ಒಂದೇ ಅಣುವಿನಲ್ಲಿ ಇರುವುದರಿಂದಲೇ ಲಾಭವೋ, ಅಥವಾ ಎರಡು ಬಾಟಲಿಯಿಂದ ಬೇರೆಬೇರೆಯಾಗಿ ಕೊಟ್ಟರೂ ಅಷ್ಟೇ ಸಿಗುತ್ತದೆಯೋ? ಹಾರ್ಮೊನಿ-2 ಇದಕ್ಕೆ ಉತ್ತರಿಸುವುದಿಲ್ಲ, ಅಲ್ಲಿ ಎದುರು ಗುಂಪಿಗೆ ವಿಇಜಿಎಫ್ ತಡೆ ಸಿಕ್ಕಿರಲೇ ಇಲ್ಲ. ಕೀಟ್ರುಡಾದ ಮುಖ್ಯ ಪೇಟೆಂಟ್ ಅಮೆರಿಕದಲ್ಲಿ 2028ರಲ್ಲಿ ಮುಗಿಯುತ್ತದೆ. ಬೆವಾಸಿಝುಮ್ಯಾಬ್ ಬಯೋಸಿಮಿಲರ್ ಈಗಾಗಲೇ ಇದೆ. ಎರಡು ಅಗ್ಗದ ಔಷಧಗಳ ಜೋಡಿಯನ್ನು ಹೊಸ ದುಬಾರಿ ಅಣುವಿನ ಎದುರು ನಿಲ್ಲಿಸುವ ಪ್ರಯೋಗಕ್ಕೆ ಹೊಸ ಅಣುವಿನ ಒಡೆಯರು ಹಣ ಹಾಕುವುದಿಲ್ಲ. ಸಾರ್ವಜನಿಕ ಸಂಸ್ಥೆಗಳೇ ಮಾಡಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2022ರಲ್ಲಿ ಅಂಥದ್ದೊಂದನ್ನು ಮಾಡಿ ತೋರಿಸಿತ್ತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಎಂಬ ಪಿಡಿ-1 ಔಷಧವನ್ನು ಸಾಮಾನ್ಯ ಡೋಸ್‌ನ ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ಮೂರು ವಾರಕ್ಕೆ 20 ಮಿ.ಗ್ರಾಂ ಮಾತ್ರ, ಅಗ್ಗದ ಮಾತ್ರೆಗಳ ಜೊತೆ ಸೇರಿಸಿ ಕೊಟ್ಟರು. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ 16ರಿಂದ 43ಕ್ಕೇರಿತು.